ಕಣ್ಣೀರಣ್ಣ ಅಳದ ದಿನ

ಆಸ್ಪತ್ರೆಯ ಬಟ್ಟೆ ಉಗ್ರಾಣ ನೋಡಿಕೊಳ್ಳುತ್ತಿದ್ದ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವನು ಕಣ್ಣೀರಣ್ಣ. ಬೇಕೆಂದಾಗ, ಬೇಕಾದಷ್ಟು, ಬೇಕಾದ ಕಣ್ಣಿನಿಂದ ಅಳಬಲ್ಲ ಎನ್ನುವುದು ಅವನ ಖ್ಯಾತಿ. ಬೇಕಾದ ಕಣ್ಣಿನಿಂದ ಎನ್ನುವುದು ನರ್ಸಮ್ಮಂದಿರು ಹಾಕಿದ ಒಗ್ಗರಣೆ. ಅದನ್ನು ಅವನು ಅಲ್ಲಗಳೆದದ್ದೂ ಇಲ್ಲ.

ಅದು ಮನಸ್ಸಿನ ಕಾಯಿಲೆಯವರ ಆಸ್ಪತ್ರೆ. ಸುಧಾರಣೆ ಎನ್ನುವುದು ಅಲ್ಲಿಗೆ ಆಗಾಗ ಬರುತ್ತಿತ್ತು, ಬಂದಾಗೆಲ್ಲ ಮೊದಲು ಬೋರ್ಡು ಬದಲಾಗುತ್ತಿತ್ತು. ಹುಚ್ಚಾಸ್ಪತ್ರೆ ಹೋಗಿ ಮಾನಸಿಕ ಆಸ್ಪತ್ರೆಯಾಯಿತು, ಅದೂ ಹೋಗಿ ಮನಃಸ್ವಾಸ್ಥ್ಯ ಕೇಂದ್ರವಾಯಿತು. ಅಳಿಯ ಅಲ್ಲ, ಮಗಳ ಗಂಡ. ಬೋರ್ಡಿನ ಮೇಲೆ ಸೋರುತ್ತಿದ್ದ ಪೈಪು ಮಾತ್ರ ಯಾವ ಹೆಸರಿಗೂ ಭೇದ ಮಾಡದೆ ಎಲ್ಲವನ್ನೂ ತೋಯಿಸಿತು. ಆಮೇಲೆ ಗೋಡೆಗಳಿಗೆ ತಿಳಿಹಸಿರು ಬಳಿದರು. ತಿಳಿಹಸಿರು ಮನಸ್ಸಿಗೆ ತಂಪು ಎಂದು ಯಾರೋ ಎಲ್ಲೋ ಓದಿದ್ದರಂತೆ. ಬಣ್ಣ ಒಣಗುವವರೆಗೆ ರೋಗಿಗಳನ್ನು ಅಂಗಳದ ಬಿಸಿಲಿಗೆ ಕೂರಿಸಿದ್ದರು.

ಬೋರ್ಡು, ಬಣ್ಣ ಎರಡೂ ಮುಗಿದ ಮೇಲೆ ಬಂದದ್ದು ‘ಆಲಿಸುವ ತರಬೇತಿ’. ಅದನ್ನು ತಂದವರು ಗುಣಮಟ್ಟದ ಮೇಡಂ. ಆಸ್ಪತ್ರೆಯ ಗುಣಮಟ್ಟ ಸುಧಾರಿಸುವುದೇ ಅವರ ಹುದ್ದೆಯಾದ್ದರಿಂದ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಆಲಿಸುವುದರ ಬಗ್ಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತಾಡಬಲ್ಲವರು, ನಡುವೆ ಇನ್ನೊಬ್ಬರಿಗೆ ಬಾಯಿ ತೆರೆಯಲು ಬಿಡದವರು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಲ್ಲಿನ ಡಾಕ್ಟರುಗಳು ರೋಗಿ ಕುರ್ಚಿಯಲ್ಲಿ ಕೂರುವುದರೊಳಗೆ ಮಾತ್ರೆ ಬರೆದು ಮುಗಿಸುತ್ತಿದ್ದರು. ಒಬ್ಬರಂತೂ ರೋಗಿಯ ಬದಲು ಅವನ ಜೊತೆ ಬಂದ ಭಾವಮೈದುನನಿಗೆ ಚಿಕಿತ್ಸೆ ಶುರುಮಾಡಿ, ಅವನು ಗುಣವಾದ ಎಂದೂ ಬರೆದಿದ್ದರು. ಇದಕ್ಕೆ ಮೇಡಂ ಕಂಡುಕೊಂಡ ಮದ್ದು ಸರಳ: ನಿಜವಾದ ರೋಗಿಯ ಮುಂದೆ ಕೂರುವ ಮೊದಲು ಸುಳ್ಳು ರೋಗಿಯ ಮುಂದೆ ಕೂತು ಅಭ್ಯಾಸ ಮಾಡಬೇಕು.

ಸುಳ್ಳು ರೋಗಿಯಾಗಲು ನಾಟಕದವನೊಬ್ಬನನ್ನು ಗೊತ್ತುಮಾಡಿದ್ದರು. ಅವನು ಅದೇ ಬೆಳಿಗ್ಗೆ ಕೈಕೊಟ್ಟ. ಟೀವಿ ಧಾರಾವಾಹಿಯೊಂದರಲ್ಲಿ ಹೆಣದ ಪಾತ್ರ ಸಿಕ್ಕಿದೆ, ಇದಕ್ಕಿಂತ ಅದರಲ್ಲಿ ಭವಿಷ್ಯ ಜಾಸ್ತಿ ಎಂದು ಹೇಳಿಕಳಿಸಿದ. ಡಾಕ್ಟರುಗಳೆಲ್ಲ ಸಾಲಾಗಿ ಕೂತಿದ್ದಾರೆ, ಮೇಡಂ ಕೈ ಕೈ ಹಿಸುಕಿಕೊಳ್ಳುತ್ತಿದ್ದಾರೆ, ಅಷ್ಟರಲ್ಲಿ ಉಗ್ರಾಣದವನು ಒಗೆದ ಪರದೆಗಳ ಗಂಟು ಹೊತ್ತು ಬಾಗಿಲಲ್ಲಿ ನಿಂತ. ಅಂದು ಒಗೆಯುವ ಮನೆಯಲ್ಲಿ ಬ್ಲೀಚಿಂಗ್ ಪೌಡರಿನ ಡಬ್ಬ ಮಗುಚಿ ಅವನ ಕಣ್ಣೆರಡೂ ಕೆಂಡವಾಗಿದ್ದವು, ನೀರು ಧಾರಾಕಾರ. ಮೇಡಂ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಗಂಟು ಇಳಿಸಿ, ಕುರ್ಚಿಗೆ ಕೂರಿಸಿದರು. ಒಬ್ಬ ಡಾಕ್ಟರು ಮನೆಯಲ್ಲಿ ಏನು ಕಷ್ಟ ಎಂದು ಕೇಳಿದರು. ದೊಡ್ಡವರು ಕೇಳಿದ ಮೇಲೆ ಏನೂ ಇಲ್ಲ ಎನ್ನುವುದು ಮರ್ಯಾದೆಯಲ್ಲ ಎನಿಸಿ ಅವನು ಪಕ್ಕದ ಮನೆಯವನ ಕಷ್ಟವನ್ನು ತನ್ನದೆಂದು ಹೇಳಿದ. ಕಣ್ಣು ಉರಿದಂತೆಲ್ಲ ಒರೆಸಿಕೊಂಡ. ಕೋಣೆಯೇ ನಿಟ್ಟುಸಿರಿಟ್ಟಿತು. ಬ್ಲೀಚಿಂಗ್ ಪೌಡರಿನ ಕೃಪೆಯಿಂದ ಒಬ್ಬ ಕಲಾವಿದ ಹುಟ್ಟಿದ್ದು ಹೀಗೆ.

ಅಂದಿನಿಂದ ಪ್ರತಿ ತರಬೇತಿಗೂ ಅವನೇ ರೋಗಿ. ಪೌಡರಿನ ನೆರವಿಲ್ಲದೆ ಅಳುವುದನ್ನೂ ಬೇಗ ಕಲಿತ. ಸೊಸೆಯೊಂದಿಗೆ ಆಗದ ಮಾವ, ಕೆಲಸ ಹೋದ ಗುಮಾಸ್ತ, ಅಣ್ಣ ಮಾತು ಬಿಟ್ಟ ತಮ್ಮ, ಹೀಗೆ ಅವನ ಬಳಿ ಪಾತ್ರಗಳು ಬೇಕಾದಷ್ಟಿದ್ದವು, ಆದರೆ ಎಲ್ಲಕ್ಕೂ ಚೌಕಟ್ಟು ಒಂದೇ. ಮೊದಲು ಹಣೆಗೆ ಕೈ. ಒಂದನೇ ಪ್ರಶ್ನೆಗೆ ನಿಟ್ಟುಸಿರು, ಎರಡನೆಯದಕ್ಕೆ ತಲೆ ಕೆಳಗೆ, ಮೂರನೆಯದಕ್ಕೆ ಕಣ್ಣೀರು. ಆಗ ಡಾಕ್ಟರು, “ನಿಮ್ಮ ನೋವು ನನಗೆ ಅರ್ಥ ಆಗುತ್ತೆ,” ಎನ್ನಬೇಕು. ಎಂದ ಕೂಡಲೇ ಅವನು ಹೆಗಲ ಟವೆಲಿನಿಂದ ಮುಖ ಒರೆಸಿ ಸಣ್ಣಗೆ ನಗಬೇಕು. ನಕ್ಕನೆಂದರೆ ಪಾಠ ಮುಗಿಯಿತು, ಟೀ ಬಂತು ಎಂದರ್ಥ.

ಮನೆಯಲ್ಲಿ ಸಂಜೆ ಕನ್ನಡಿಯ ಮುಂದೆ ತಾಲೀಮು ನಡೆಯುತ್ತಿತ್ತು. ಹೆಂಡತಿ ಶಿಶುವಿಹಾರದ ಟೀಚರು. ಹೊಟ್ಟೆನೋವೆಂದು ಸುಳ್ಳು ಹೇಳುವ ಮಕ್ಕಳನ್ನು ಮುಖ ನೋಡಿಯೇ ಹಿಡಿಯುವವಳು. ಅವಳು ತರಕಾರಿ ಹೆಚ್ಚುತ್ತಾ ಅವನ ಅಳುವನ್ನು ತಿದ್ದುತ್ತಿದ್ದಳು. ಆ ನಿಟ್ಟುಸಿರು ಜಾಸ್ತಿಯಾಯಿತು, ಸೈಕಲ್ ಟೈರಿನ ಗಾಳಿ ಬಿಟ್ಟ ಹಾಗಿದೆ ಎನ್ನುವಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಮಗಳು ಗಂಡನ ಮನೆಯಿಂದ ಫೋನ್ ಮಾಡಿದಾಗ, ಅಪ್ಪ ಈ ವಾರ ಯಾರಾಗಿದ್ದಾರೆ ಎಂದೇ ಮಾತು ಶುರುಮಾಡುತ್ತಿದ್ದಳು.

ಮೇಡಂ ತಂದ ನಿಯಮಗಳಲ್ಲಿ ಒಂದು ಮಾತ್ರ ಅಪ್ಪಟ ಬಂಗಾರ. ಪಾಠ ಮುಗಿದ ಮೇಲೆ ಅಂಕ ಕೊಡುವವರು ದೊಡ್ಡ ಡಾಕ್ಟರಲ್ಲ, ರೋಗಿ. ನಿಮ್ಮ ಮಾತನ್ನು ಇವರು ಕೇಳಿಸಿಕೊಂಡರೇ ಎಂದು ರೋಗಿಯನ್ನೇ ಎಲ್ಲರೆದುರು ಕೇಳಬೇಕು, ಅವನು ಹೇಳಿದ್ದೇ ತೀರ್ಪು. ಎಂಥ ಒಳ್ಳೆಯ ನಿಯಮ! ಅದನ್ನು ನಮ್ಮ ಕಣ್ಣೀರಣ್ಣ ಸಕ್ಕರೆ ಸವರಿ ಕೊಂದ. ಮಡಿಲಲ್ಲಿ ಮೊಬೈಲು ತೀಡುತ್ತಿದ್ದ ಡಾಕ್ಟರಿಗೂ ಅವನದು ಒಂದೇ ಮಾತು, “ತುಂಬಾ ಚೆನ್ನಾಗಿ ಕೇಳಿಸ್ಕೊಂಡ್ರು ಮೇಡಂ, ಮನಸ್ಸು ಹಗುರಾಯ್ತು.” ಆಕಳಿಸಿದವರಿಗೂ ಅದೇ. ಅವನ ಕತೆಯ ಸೊಸೆಯನ್ನು ಮಗಳೆಂದು ತಿಳಿದು ಸಮಾಧಾನ ಹೇಳಿದವರಿಗೂ ಅದೇ.

ಅವನು ಲಂಚಕೋರನಲ್ಲ, ಪಾಪದ ಮನುಷ್ಯ. ಎಷ್ಟೋ ವರ್ಷ ಗಂಟು ಹೊತ್ತು ಅದೇ ಡಾಕ್ಟರುಗಳ ಮುಂದೆ ಓಡಾಡಿದ್ದ. ಅವರು ತಲೆಯೆತ್ತದೆ ಕಾಲು ಮಾತ್ರ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಈಗ ಅವರೇ ಎದ್ದು, ಬನ್ನಿ ಕೂತ್ಕೊಳ್ಳಿ ಎನ್ನುತ್ತಿದ್ದಾರೆ. ಅಂಥ ಕುರ್ಚಿಯನ್ನು ಯಾರು ಒದ್ದಾರು? ಅದೂ ಅಲ್ಲದೆ, ಎದುರಿಗೆ ಕೂತವರಿಗೆ ನಿಮಗೆ ಬರುವುದಿಲ್ಲ ಎಂದು ಹೇಳುವ ಗಟ್ಟಿತನ ಅವನ ರಕ್ತದಲ್ಲೇ ಇರಲಿಲ್ಲ. ಹೀಗಾಗಿ ಇಡೀ ಆಸ್ಪತ್ರೆ ಪಾಸಾಯಿತು. ‘ಇಲ್ಲಿನ ಎಲ್ಲ ವೈದ್ಯರೂ ಆಲಿಸಬಲ್ಲವರು’ ಎಂದು ಗೇಟಿಗೆ ಬ್ಯಾನರ್ ಕಟ್ಟಿದರು. ಪೈಪಿನ ನೀರು ಅದರ ಮೇಲೂ ಬಿತ್ತು.

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂದೊಂದು ಗಾದೆ ಇದೆ. ಹೆಂಗಸರ ಪಾಲಿನದು ಗಾದೆ ಕಟ್ಟಿದವನ ಹೊಟ್ಟೆಕಿಚ್ಚು, ಅದನ್ನು ಬಿಡಿ. ಗಂಡಸಿನ ಪಾಲಿನ ಅರ್ಧವನ್ನಾದರೂ ಆ ಆಸ್ಪತ್ರೆ ಗೋಡೆಗೆ ಬರೆಸಿಕೊಳ್ಳಬೇಕಿತ್ತು. ಅಲ್ಲಿನವರು ಅಳುವ ಗಂಡಸನ್ನು ಎಷ್ಟು ನಂಬಿದರೆಂದರೆ, ಅಳದವರನ್ನು ನಂಬುವುದನ್ನೇ ಬಿಟ್ಟರು. ಹೊರರೋಗಿ ವಿಭಾಗದಲ್ಲಿ ಹಣೆಗೆ ಕೈ ಇಟ್ಟವನಿಗೆ ಖಿನ್ನತೆ, ಮೂರನೇ ಪ್ರಶ್ನೆಗೆ ಕಣ್ಣೀರು ಬಂದರೆ ಮಾತ್ರೆ, ಬರದಿದ್ದರೆ ಶಕ್ತಿಯ ಟಾನಿಕ್. ಸುಮ್ಮನೆ ಗೋಡೆ ನೋಡುತ್ತಾ ಕೂತವರಿಗೆ, ನಿಮಗೇನೂ ಆಗಿಲ್ಲ, ವಾಕಿಂಗ್ ಮಾಡಿ ಎಂಬ ಸಲಹೆ. ಕಾಯಿಲೆ ಹೇಗಿರುತ್ತದೆ ಎಂದು ಅವರು ಕಲಿತದ್ದು ಕಣ್ಣೀರಣ್ಣನಿಂದ. ಕಾಯಿಲೆಯವರು ಕಣ್ಣೀರಣ್ಣನ ಹಾಗೆ ಇರದಿದ್ದರೆ ಅದು ಕಾಯಿಲೆಯವರದೇ ತಪ್ಪು.

ಇದರ ನಡುವೆ ಕಣ್ಣೀರಣ್ಣನಿಗೆ ಏನೋ ಆಯಿತು.

ಯಾವಾಗ ಶುರುವಾಯಿತೆಂದು ಅವನಿಗೇ ಗೊತ್ತಿಲ್ಲ. ಹೊದಿಕೆ ಮಡಚುವುದೆಂದರೆ ಅವನಿಗೆ ಪ್ರೀತಿ. ನಾಲ್ಕು ಮೂಲೆ ಕೂಡಿಸಿ, ಒಮ್ಮೆ ಕೊಡವಿ, ಬಿಸಿಲ ವಾಸನೆ ಮೂಗಿಗೆ ಬಂದಾಗ ಅರೆಗಳಿಗೆ ನಿಲ್ಲುತ್ತಿದ್ದ. ಈಗ ಮೂಲೆ ಕೂಡಿದರೂ ಒಂದೇ, ಕೂಡದಿದ್ದರೂ ಒಂದೇ. ಬೆಳಿಗ್ಗೆ ಏಳುವುದು ಬಾವಿಯಿಂದ ಕೊಡ ಸೇದಿದಷ್ಟು ಭಾರ. ಮಧ್ಯಾಹ್ನದ ಡಬ್ಬಿಯನ್ನು ಹಿಂದಿನ ಗೇಟಿನ ನಾಯಿಗೆ ಸುರಿಯುತ್ತಿದ್ದ. ನಾಯಿ ದುಂಡಗಾಯಿತು, ಅವನ ಪ್ಯಾಂಟು ಸಡಿಲವಾಯಿತು. ಸಂಜೆ ಹೆಂಡತಿ, “ಊಟ ಆಯ್ತಾ?” ಎನ್ನುವಳು. “ಆಯ್ತು,” ಎನ್ನುವನು. ಆ ಪ್ರಶ್ನೆಗೆ ಬೇರೆ ಉತ್ತರ ಇರಬಹುದು ಎಂದು ಕೇಳಿದವರಿಗೂ ತೋಚುವುದಿಲ್ಲ, ಹೇಳುವವರಿಗೂ ತೋಚುವುದಿಲ್ಲ.

ಅವನಿಗೆ ಹೆಚ್ಚು ನಾಚಿಕೆಯಾದದ್ದು ಕಾರಣವಿಲ್ಲವಲ್ಲ ಎಂದು. ಮಗಳು ಸುಖವಾಗಿದ್ದಳು, ಹೆಂಡತಿ ಒಳ್ಳೆಯವಳು, ಮೈ ಗಟ್ಟಿಯಿತ್ತು. ಅವನ ಪಾತ್ರಗಳಿಗೆಲ್ಲ ಒಂದೊಂದು ಘನವಾದ ಕಾರಣವಿತ್ತು, ಅವನೊಬ್ಬನಿಗೆ ಇರಲಿಲ್ಲ. ಕಾರಣವಿಲ್ಲದ್ದು ಕಾಯಿಲೆ ಹೇಗಾದೀತು, ಇದು ಸೋಮಾರಿತನ ಇರಬೇಕು ಎಂದುಕೊಂಡ. ಜೊತೆಗೆ ಅಳು ಬತ್ತಿಹೋಯಿತು. ತರಬೇತಿಯ ದಿನ ಕಣ್ಣಲ್ಲಿ ಒಂದು ಹನಿಯೂ ಇಲ್ಲದೆ, ಒಗೆಯುವ ಮನೆಗೆ ಹೋಗಿ ಬ್ಲೀಚಿಂಗ್ ಪೌಡರಿನ ಡಬ್ಬದ ಮೇಲೆ ಬಗ್ಗಿ ನಿಂತು ಬರುತ್ತಿದ್ದ. ನಿಜವಾಗಿ ಕಾಯಿಲೆ ಬಿದ್ದವನು ಕಾಯಿಲೆಯವನಂತೆ ಕಾಣಲು ಪೌಡರು ಮೂಸಬೇಕಾಯಿತು.

ಒಬ್ಬಳು ಟೈಲರಮ್ಮ ಇದ್ದಳು. ಹರಿದ ಹೊದಿಕೆ, ದಿಂಬಿನ ಚೀಲಗಳನ್ನು ಮನೆಗೊಯ್ದು ಹೊಲಿದು ತರುವವಳು, ಅಕ್ಕನ ಮನೆಯಲ್ಲಿದ್ದಳು, ಬಾಯಿ ತೆರೆದರೆ ತಮಾಷೆ. ಒಂದು ದಿನ ಕೊಟ್ಟ ಗಂಟನ್ನು ಬಿಚ್ಚದೆ ಹಾಗೇ ತಂದು ಉಗ್ರಾಣದ ಮೇಜಿನ ಮೇಲೆ ಇಟ್ಟಳು.

“ಕೈ ಹೋಗ್ತಿಲ್ಲಣ್ಣ,” ಎಂದಳು. “ಮಷಿನ್ ಮುಂದೆ ಕೂತ್ಕೋತೀನಿ. ಕೂತೇ ಇರ್ತೀನಿ.”

ಅವಳ ಕಣ್ಣು ಒಣಗಿತ್ತು. ಕಣ್ಣೀರಣ್ಣನಿಗೆ ಬೆಳಿಗ್ಗೆ ಕನ್ನಡಿಯಲ್ಲಿ ಕಂಡದ್ದೂ ಅದೇ ಮುಖ. ನನಗೂ ಹೀಗೇ ಆಗಿದೆ ಎಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಸಣ್ಣ ಡಾಕ್ಟರಮ್ಮನ ಹತ್ತಿರ ಹೋಗು, ತುಂಬಾ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ, ನಾನೇ ಅವರನ್ನು ಪಾಸ್ ಮಾಡಿದ್ದೇನೆ ಎಂದು ಅಭಿಮಾನದಿಂದ ಹೇಳಿ ಕಳಿಸಿದ. ಸಣ್ಣ ಡಾಕ್ಟರಮ್ಮ ಎಂದರೆ ಆಸ್ಪತ್ರೆಗೆ ಹೊಸದಾಗಿ ಬಂದ ಹುಡುಗಿ. ಒಳ್ಳೆಯ ಮನಸ್ಸಿನವಳು, ಅವನನ್ನು ಬಾಯಿತುಂಬ ಅಣ್ಣ ಎನ್ನುವವಳು, ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಮಾಡುವವಳು. ಅವಳು ಟೈಲರಮ್ಮನಿಗೆ ಹೇಳಿಕೊಟ್ಟ ಪ್ರಶ್ನೆಗಳನ್ನೆಲ್ಲ ಕೇಳಿದಳು. ಮೂರನೆಯದಾದ ಮೇಲೆ ಕಣ್ಣೀರಿಗಾಗಿ ಕಾದಳು. ಬರಲಿಲ್ಲ. ಟಾನಿಕ್ ಬರೆದಳು.

ಟಾನಿಕ್ ಬಾಟಲಿ ಅರ್ಧವಾಗುವುದರೊಳಗೆ ಟೈಲರಮ್ಮನನ್ನು ಅವಳ ಅಕ್ಕ ಎತ್ತಿಕೊಂಡು ಬಂದಳು. ಬದುಕು ಸಾಕಾದವರು ಮಾಡಿಕೊಳ್ಳುವುದನ್ನು ಅವಳು ಮಾಡಿಕೊಂಡಿದ್ದಳು, ಅಕ್ಕ ಹೊತ್ತಿಗೆ ಸರಿಯಾಗಿ ಬಾಗಿಲು ತಳ್ಳಿದ್ದರಿಂದ ಉಳಿದಳು. ಹೆಂಗಸರ ವಾರ್ಡಿನಲ್ಲಿ ಮೂಲೆಯ ಹಾಸಿಗೆ ಕೊಟ್ಟರು. ಅಂದು ಮಧ್ಯಾಹ್ನ ಡಾಕ್ಟರುಗಳ ಕೋಣೆಯಲ್ಲಿ ಎಲ್ಲರದ್ದೂ ಒಂದೇ ಆಶ್ಚರ್ಯ: ಅವಳನ್ನು ನೋಡಿದರೆ ಹಾಗನಿಸುತ್ತಲೇ ಇರಲಿಲ್ಲವಲ್ಲ, ಅತ್ತೇ ಇರಲಿಲ್ಲವಲ್ಲ. ಟವೆಲು ಕೊಡಲು ಹೋದ ಕಣ್ಣೀರಣ್ಣ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಅವನು, ಉಂಡವಳು ಟೈಲರಮ್ಮ. ಆ ನಾಚಿಕೆ ಅವನ ಗಂಟಲಲ್ಲಿ ಬಿಸಿತುಪ್ಪವಾಗಿ ಕೂತಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಅವತ್ತು ಮನೆಗೆ ಬಂದವನೇ ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿ ಮಕ್ಕಳ ಚಿತ್ರದ ಹಾಳೆಗಳನ್ನು ಜೋಡಿಸುತ್ತಿದ್ದವಳು, ಸ್ವಲ್ಪ ಹೊತ್ತು ನೋಡಿ, “ಈ ಸಲ ಯಾವ ಪಾತ್ರ ರೀ?” ಎಂದಳು.

“ಪಾತ್ರ ಅಲ್ಲ ಕಣೇ. ನನಗೇ ಏನೋ ಆಗಿದೆ.”

“ಹಾಂ, ಇದು ಚೆನ್ನಾಗಿದೆ. ಪಾತ್ರ ಅಲ್ಲ ಅನ್ನೋ ಪಾತ್ರ,” ಎಂದು ಅವಳು ಮೆಚ್ಚಿದಳು. “ಆದ್ರೆ ಸ್ವಲ್ಪ ಅಳಿ. ಹೀಗೆ ಮಲಗಿದ್ರೆ ನಿದ್ದೆ ಬಂದಿದೆ ಅಂದ್ಕೋತಾರೆ.”

ಅವಳ ಮೇಲೆ ಕೋಪ ಮಾಡಿಕೊಳ್ಳುವ ಹಾಗಿರಲಿಲ್ಲ. ವರ್ಷಗಟ್ಟಲೆ ಅದೇ ಮನೆಯಲ್ಲಿ ಅವಳೆದುರು ಸುಳ್ಳು ಸುಳ್ಳೇ ನರಳಿದವನು ಅವನು. ಮಾರನೆಯ ದಿನ ಧೈರ್ಯ ಮಾಡಿ ಸಣ್ಣ ಡಾಕ್ಟರಮ್ಮನನ್ನು ವರಾಂಡದಲ್ಲಿ ನಿಲ್ಲಿಸಿದ. ಏನೂ ಬೇಡ ಅನ್ನಿಸುತ್ತದೆ, ತಿನ್ನಲು ಆಗುವುದಿಲ್ಲ, ಯಾಕೆಂದು ಗೊತ್ತಿಲ್ಲ ಎಂದ. ಅವಳ ಮುಖ ಅರಳಿತು. ಬರಲಿರುವ ಇನ್ಸ್‌ಪೆಕ್ಷನ್ನಿಗೆ ಹೊಸ ಕತೆಯೇ ಎಂದು ಕೇಳಿದಳು. ತುಸು ಯೋಚಿಸಿ, ಕತೆಯಲ್ಲಿ ಜೀವವಿಲ್ಲ, ಕಾರಣ ಒಂದು ಸೇರಿಸಿಕೊಳ್ಳಿ, ಹಳೆಯ ಮಾವನ ಪಾತ್ರವೇ ವಾಸಿ ಎಂದು ಸಲಹೆ ಕೊಟ್ಟು ಓಡಿದಳು. ಟೈಲರಮ್ಮನ ಸುದ್ದಿ ಬಂದಾಗಿನಿಂದ ಅವಳ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಆ ಇನ್ಸ್‌ಪೆಕ್ಷನ್ ಆದರೂ ಸರಿಹೋಗಲಿ ಎಂದು ಅವಳು ಮತ್ತಷ್ಟು ಕಟ್ಟುನಿಟ್ಟಾಗಿ ಅಭ್ಯಾಸ ಮಾಡುತ್ತಿದ್ದಳು.

ಇನ್ಸ್‌ಪೆಕ್ಷನ್ ಎಂದರೆ ಸಣ್ಣ ಮಾತಲ್ಲ. ಮೇಲಿನ ಸಮಿತಿಯೊಂದು ಬಂದು, ನೋಡಿ, ಮೆಚ್ಚಿದರೆ ‘ಉತ್ತಮ ಆರೈಕೆ’ಯ ಫಲಕ ಕೊಡುತ್ತಿತ್ತು. ಅದರ ಕೆಳಗೆ ತಮ್ಮ ಹೆಸರು ಕೊರೆಸಿ ನಿವೃತ್ತಿಯಾಗುವುದು ದೊಡ್ಡ ಡಾಕ್ಟರ ಆಸೆ. ನೆಲ ಉಜ್ಜಿದರು. ಕೂಗಾಡುವ ರೋಗಿಗಳನ್ನು ಹಿಂದಿನ ಕಟ್ಟಡಕ್ಕೆ ಸಾಗಿಸಿದರು. ಉಳಿದವರಿಗೆ ಸಮಿತಿ ಬಂದಾಗ ಸಹಜವಾಗಿರಿ ಎಂದು ಗದರಿಸಿ ಹೇಳಿದರು. ಸೋರುವ ಪೈಪಿನ ಕೆಳಗೆ ಹೂಕುಂಡ ಇಟ್ಟದ್ದು ಗುಣಮಟ್ಟದ ಮೇಡಂ ಅವರ ಸ್ವಂತ ಯೋಚನೆ. ಮುಖ್ಯ ಆಕರ್ಷಣೆ ಮಾತ್ರ ಎಂದಿನಂತೆ ಒಂದೇ, ಸಣ್ಣ ಡಾಕ್ಟರಮ್ಮ ಆಲಿಸುವುದು, ಕಣ್ಣೀರಣ್ಣ ಅಳುವುದು.

ಸಮಿತಿ ಬಂದ ದಿನ ಬೆಳಿಗ್ಗೆ ಅವನು ಒಗೆಯುವ ಮನೆಗೆ ಹೋಗಲಿಲ್ಲ. ಸತ್ಯ ಹೇಳಿಬಿಡಬೇಕೆಂಬ ವೀರಾವೇಶವೇನೂ ಬಂದಿರಲಿಲ್ಲ. ಅಲ್ಲಿಯವರೆಗೆ ನಡೆದು, ಡಬ್ಬದ ಮುಚ್ಚಳ ತೆಗೆದು, ಬಗ್ಗಿ ನಿಲ್ಲಲು ಬೇಕಾದ ತ್ರಾಣ ಇರಲಿಲ್ಲ, ಅಷ್ಟೆ. ಹಾಗೇ ಬಂದು ಕುರ್ಚಿಯಲ್ಲಿ ಕೂತ. ಸಮಿತಿಯವರು ಎದುರಿಗೆ, ದೊಡ್ಡ ಡಾಕ್ಟರೂ ಮೇಡಮ್ಮೂ ಪಕ್ಕಕ್ಕೆ, ಉಳಿದವರೆಲ್ಲ ಹಿಂದಕ್ಕೆ. ಕಣ್ಣೀರಣ್ಣನ ಕೈ ಹಣೆಗೆ ಹೋಗಲಿಲ್ಲ, ಮಂಡಿಯ ಮೇಲೆ ಬಿದ್ದಿತ್ತು. ಸಣ್ಣ ಡಾಕ್ಟರಮ್ಮ ಮುಂದಕ್ಕೆ ಬಾಗಿ, ಕಲಿಸಿದಷ್ಟೇ ಬಾಗಿ, ಏನು ತೊಂದರೆ ಎಂದು ಕೇಳಿದಳು. ಗೊತ್ತಿಲ್ಲ ಎಂದ. ಮನೆಯಲ್ಲಿ ಏನಾದರೂ ಆಗಿದೆಯೇ ಎಂದಳು. ಏನೂ ಆಗಿಲ್ಲ, ಎಲ್ಲರೂ ಚೆನ್ನಾಗಿದ್ದಾರೆ ಎಂದ. ಅವಳು ಮೂರನೆಯ ಪ್ರಶ್ನೆಗೆ ಬಂದಳು.

“ಅಳು ಬರುತ್ತಾ?”

“ಬರಲ್ಲ ಮೇಡಂ. ಬಂದಿದ್ರೆ ಚೆನ್ನಾಗಿತ್ತು.”

ಈ ಒಂದು ಮಾತಿಗೆ ಆ ಕೋಣೆಯಲ್ಲಿ ಓದಿಕೊಂಡವರೆಲ್ಲ ಎದ್ದು ನಿಲ್ಲಬೇಕಿತ್ತು. ಯಾರೂ ನಿಲ್ಲಲಿಲ್ಲ. ಗುಣಮಟ್ಟದ ಮೇಡಂ ಸಮಿತಿಗೆ ಕಾಣದಂತೆ ತಮ್ಮ ಕೆನ್ನೆಯ ಮೇಲೆ ಬೆರಳಿನಿಂದ ಕಣ್ಣೀರಿನ ಗೆರೆ ಎಳೆದು ತೋರಿಸಿದರು. ಅವನು ನೋಡಿದ, ಕೈ ಮಂಡಿಯ ಮೇಲೇ ಇತ್ತು. ದೊಡ್ಡ ಡಾಕ್ಟರು ಕೆಮ್ಮಿ, ಇವತ್ತು ಯಾಕೋ ಇವನಿಗೆ ಮೂಡ್ ಇಲ್ಲ ಎಂದು ಸಮಿತಿಯ ಕ್ಷಮೆ ಕೇಳಿದರು. ಸಣ್ಣ ಡಾಕ್ಟರಮ್ಮನಿಗೆ ಬೇರೆ ದಾರಿ ಕಾಣದೆ, ಬರದ ಕಣ್ಣೀರಿಗೇ, “ನಿಮ್ಮ ನೋವು ನನಗೆ ಅರ್ಥ ಆಗುತ್ತೆ,” ಎಂದುಬಿಟ್ಟಳು. ಅವನು ಟವೆಲು ಮುಟ್ಟಲಿಲ್ಲ. ನಗಲೂ ಇಲ್ಲ. ಅವನು ನಗದೆ ಪಾಠ ಮುಗಿಸುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಟೀ ಹಿಡಿದು ಬಾಗಿಲಲ್ಲಿ ನಿಂತವನು ಒಳಗೆ ಬರುವುದೋ ಬೇಡವೋ ತಿಳಿಯದೆ ಅಲ್ಲೇ ನಿಂತ.

ಸಮಿತಿಯ ಹಿರಿಯರು ನಿಯಮದವರು. ರೋಗಿಯ ಅಭಿಪ್ರಾಯ ಕೇಳುವ ಪದ್ಧತಿ ಇದೆಯಂತಲ್ಲ, ಕೇಳಿ ಎಂದರು. ಮೇಡಂ ಒಣನಗೆ ನಕ್ಕು ಕೇಳಿದರು, ಡಾಕ್ಟರು ನಿಮ್ಮ ಮಾತು ಕೇಳಿಸಿಕೊಂಡರೇ?

ಎಂದಿನ ಮಾತು ಕಣ್ಣೀರಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಿಚ್ಚದೆ ಮೇಜಿನ ಮೇಲೆ ಕೂತ ಆ ಗಂಟು ಕಣ್ಣ ಮುಂದೆ ಬಂತು.

“ಕೇಳಿಸ್ಕೊಳ್ಲಿಲ್ಲ,” ಎಂದ. “ತಪ್ಪು ಈ ಡಾಕ್ಟರಮ್ಮನದಲ್ಲ. ಕಾಯಿಲೆ ಅಂದ್ರೆ ಹೀಗಿರುತ್ತೆ ಅಂತ ಇವರಿಗೆ ತೋರಿಸಿದ್ದು ನಾನು. ನಾನು ತೋರಿಸಿದ್ದು ಸುಳ್ಳು. ಎಲ್ಲರನ್ನೂ ಪಾಸ್ ಮಾಡಿದ್ದೂ ಸುಳ್ಳು. ನನ್ನ ಮಾತು ನಂಬ್ಕೊಂಡು ಟೈಲರಮ್ಮ ಇವರ ಹತ್ರ ಹೋದ್ಲು, ಅವಳು ಅಳಲಿಲ್ಲ ಅಂತ ವಾಪಸ್ ಕಳಿಸಿದ್ರು. ನನಗೂ ಅವಳಿಗಾದ ಹಾಗೇ ಆಗಿದೆ. ಇವತ್ತು ನಾನು ಆಕ್ಟಿಂಗ್ ಮಾಡ್ಲಿಲ್ಲ ಸಾರ್. ನನಗೆ ಹುಷಾರಿಲ್ಲ.”

ದೊಡ್ಡ ಡಾಕ್ಟರ ಮುಖದಲ್ಲಿ ಫಲಕವೂ, ಅದರ ಕೆಳಗಿನ ಹೆಸರೂ ಅಳಿಸಿಹೋಗುವುದು ಎಲ್ಲರಿಗೂ ಕಂಡಿತು. ಸಮಿತಿಯ ಹಿರಿಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಮೇಲೆ ನಿಧಾನವಾಗಿ ಚಪ್ಪಾಳೆ ತಟ್ಟತೊಡಗಿದರು. ಇಂಥ ನೈಜ ಅಭಿನಯವನ್ನು ತಮ್ಮ ಜೀವಮಾನದಲ್ಲಿ ನೋಡಿಲ್ಲ ಎಂದರು. ರೋಗಿಯ ಬಾಯಿಂದಲೇ ವೈದ್ಯರ ಟೀಕೆ ಮಾಡಿಸುವ ಈ ವಿಧಾನ ಬೇರೆ ಯಾವ ಆಸ್ಪತ್ರೆಯಲ್ಲೂ ಇಲ್ಲ ಎಂದರು. ಉಳಿದವರೂ ತಟ್ಟಿದರು. ಗುಣಮಟ್ಟದ ಮೇಡಂ ಅರೆಕ್ಷಣ ಕಕ್ಕಾಬಿಕ್ಕಿಯಾದರೂ ಬೇಗನೆ ಚೇತರಿಸಿಕೊಂಡು, ಇದು ತರಬೇತಿಯ ಎರಡನೇ ಹಂತ, ಬಹಳ ಶ್ರಮಪಟ್ಟು ರೂಪಿಸಿದ್ದು ಎಂದು ವಿವರಿಸತೊಡಗಿದರು. ಫಲಕ ಅಲ್ಲೇ ಘೋಷಣೆಯಾಯಿತು. ಟೀ ಒಳಗೆ ಬಂತು.

ಎಲ್ಲರೂ ಫೋಟೋಗೆಂದು ಅಂಗಳಕ್ಕೆ ಹೊರಟರು. ಕಣ್ಣೀರಣ್ಣನನ್ನೂ ಕರೆದರು, ಅವನು ಕೇಳಿಸದವನಂತೆ ಉಗ್ರಾಣಕ್ಕೆ ನಡೆದ. ಹೊದಿಕೆಯ ರಾಶಿಯ ಮೇಲೆ ಕೂತ. ಪಕ್ಕದಲ್ಲಿ ಡಬ್ಬಿ ಇತ್ತು, ನಾಯಿಯ ಬಳಿ ಹೋಗುವಷ್ಟೂ ಶಕ್ತಿ ಇರಲಿಲ್ಲ. ಹೇಳುವುದನ್ನು ಹೇಳಿಯಾಗಿತ್ತು. ಮೈಮೇಲಿನ ಅಂಗಿ ಬಿಚ್ಚಿ ತೋರಿಸಿದ ಹಾಗೆ ಎಲ್ಲರ ಮುಂದೆ ಹೇಳಿಯಾಗಿತ್ತು. ಅದಕ್ಕೂ ಚಪ್ಪಾಳೆ ಬಿದ್ದ ಮೇಲೆ ಇನ್ನು ಹೇಳಲು ಏನೂ ಉಳಿದಿರಲಿಲ್ಲ. ಆ ಗಳಿಗೆಯಲ್ಲಿ ಅವನಿಗೆ ಟೈಲರಮ್ಮ ಮಾಡಿದ್ದು ಯಾಕೆಂದು ಪೂರ್ತಿ ಅರ್ಥವಾಯಿತು, ಅರ್ಥವಾದದ್ದಕ್ಕೆ ಭಯವೂ ಆಯಿತು.

ಬಾಗಿಲಲ್ಲಿ ನೆರಳು ಬಿತ್ತು. ಸಣ್ಣ ಡಾಕ್ಟರಮ್ಮ ನಿಂತಿದ್ದಳು. ಚಪ್ಪಾಳೆ ತಟ್ಟದೆ ಇದ್ದವಳು ಅವಳೊಬ್ಬಳೇ ಎಂದು ಅವನು ಗಮನಿಸಿರಲಿಲ್ಲ. ಅವಳು ಬಾಯಿ ತೆರೆದಳು. ಮೊದಲನೇ ಪ್ರಶ್ನೆ ತುಟಿಯವರೆಗೆ ಬಂದದ್ದು ಅವನಿಗೂ ಕಂಡಿತು, ಅವಳೇ ಅದನ್ನು ನುಂಗಿಕೊಂಡಳು. ಕಲಿತದ್ದನ್ನು ಬಿಟ್ಟರೆ ಅವಳ ಬಳಿ ಇದ್ದದ್ದು ಎಲ್ಲರ ಮನೆಯಲ್ಲೂ ಇರುವ ಒಂದೇ ಪ್ರಶ್ನೆ.

“ಊಟ ಆಯ್ತಾ ಅಣ್ಣ?”

ಆಯ್ತು ಎನ್ನಲು ಅವನ ತುಟಿ ತಾನಾಗಿಯೇ ಅಲುಗಿತು. ಅವಳು ಪಕ್ಕದಲ್ಲಿದ್ದ ಡಬ್ಬಿಯನ್ನು ನೋಡಲಿಲ್ಲ, ಅವನನ್ನೇ ನೋಡುತ್ತಿದ್ದಳು.

“ಇಲ್ಲ,” ಎಂದ.

ಅವಳು ಒಳಗೆ ಬಂದು ಒಗೆಯದ ಬಟ್ಟೆಯ ಗಂಟೊಂದರ ಮೇಲೆ ಕೂತಳು, ಬಿಳಿ ಕೋಟು ಕೊಳೆಯಾಗುತ್ತದೆ ಎಂದೂ ನೋಡದೆ.

“ನೀವು ಹೇಳಿದ್ದು ನನಗೆ ಅರ್ಥ ಆಗ್ಲಿಲ್ಲ ಅಣ್ಣ. ಆವತ್ತು ವರಾಂಡದಲ್ಲೂ ಆಗ್ಲಿಲ್ಲ, ಟೈಲರಮ್ಮನದ್ದೂ ಆಗ್ಲಿಲ್ಲ. ಇನ್ನೊಂದ್ಸಲ ಹೇಳಿ.”

ಅವನು ಹೇಳಿದ. ಕತೆ ಇರಲಿಲ್ಲ, ಕಾರಣ ಇರಲಿಲ್ಲ, ಮಾತಿಗಿಂತ ಮಾತಿನ ನಡುವಿನ ಖಾಲಿಯೇ ಹೆಚ್ಚಿತ್ತು. ಆ ಖಾಲಿಯಲ್ಲಿ ಅವಳು ಏನನ್ನೂ ತುರುಕಲಿಲ್ಲ. ಅಂಗಳದಿಂದ ಯಾರೋ, ಮೇಡಂ ಫೋಟೋಗೆ ಬನ್ನಿ, ನಿಮಗೇ ಕಾಯ್ತಿದಾರೆ ಎಂದು ಕೂಗಿದರು. ಇನ್ನೊಮ್ಮೆ ಕೂಗಿದರು. ಆಮೇಲೆ ಕೂಗುವುದನ್ನು ಬಿಟ್ಟರು. ಕೊನೆಗೆ ಅವಳು, ನಾಳೆ ಬೆಳಿಗ್ಗೆ ಚೀಟಿ ಮಾಡಿಸಿ ಬನ್ನಿ, ಎಲ್ಲರ ಸಾಲಿನಲ್ಲೇ ಬನ್ನಿ, ನಿಮ್ಮ ಮನೆಯವರನ್ನೂ ಕರೆದುಕೊಂಡು ಬನ್ನಿ, ಅವರಿಗೆ ನಾನು ಹೇಳುತ್ತೇನೆ ಎಂದಳು. ಎದ್ದು ಬಾಗಿಲವರೆಗೆ ಹೋಗಿ, ಅಂಗಳದ ಕಡೆ ತಿರುಗದೆ, ಹೆಂಗಸರ ವಾರ್ಡಿನ ಕಡೆ ತಿರುಗಿದಳು.

ತಾನು ಕೇಳಿಸಿಕೊಂಡದ್ದು ಹೇಗಿತ್ತೆಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಒಂದು ತುತ್ತು ಕಲಸಿ, ಬಾಯಿಗಿಟ್ಟುಕೊಂಡ.